ಅಕ್ಕನ ಎಣಿಕೆ

ಜರ್ಸಿ ಸಿಟಿಯ ಹೋಟೆಲೊಂದರಲ್ಲಿ ನಕ್ಷತ್ರ ನೋಡುವವರ ಸಮ್ಮೇಳನ. ಮೊಮ್ಮಗಳು ತಾರಿಣಿ ಪ್ಲೇನ್ಸ್‌ಬರೋದಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಒಬ್ಬಳೇ ಬಿಟ್ಟರೆ ಒಲೆ ಹಚ್ಚಿ ಮರೆಯುತ್ತೇನೆಂದು ಅವಳಿಗೆ ಭಯ. ನಾನು ಮರೆಯುವವಳಲ್ಲ.

ದೊಡ್ಡ ಕೋಣೆಯ ತುಂಬ ಹಲಗೆ, ಹಲಗೆಗೆ ಚುಚ್ಚಿದ ಹಾಳೆ. ಜಪಾನಿನವರದು, ಚಿಲಿಯವರದು, ತಾರಿಣಿಯದು ಒಂದರ ಪಕ್ಕ ಒಂದು. ಮೂರರಲ್ಲೂ ಒಂದೇ ನಕ್ಷತ್ರ. ಅದು ಆಗಾಗ ಮಂಕಾಗುತ್ತದಂತೆ.

"ಜಪಾನಿನವರಿಗೆ ರಾತ್ರಿ ಆದಾಗ ನಮಗೆ ಹಗಲು, ಅಜ್ಜಿ. ಒಬ್ಬರೇ ಪೂರ್ತಿ ನೋಡಕ್ಕಾಗಲ್ಲ. ಇಲ್ಲಿ ಎಲ್ಲರದೂ ಸೇರಿಸಿದ್ಮೇಲೇ ಪ್ಯಾಟರ್ನ್ ಗೊತ್ತಾಗಿದ್ದು."

ಮೂವರ ಗೆರೆ ಜೋಡಿಸಿದ ಹಾಳೆ ತೋರಿಸಿದಳು. ನಕ್ಷತ್ರ ಮಂಕಾದಲ್ಲೆಲ್ಲ ಗೆರೆಯಲ್ಲಿ ಕುಳಿಗಳು. ಎರಡು, ನಾಲ್ಕು, ಒಂದು, ನಾಲ್ಕು, ಎರಡು. ಹೀಗೇ ಆರು ಸಲ. ಏಳನೆಯದು ಎರಡು, ನಾಲ್ಕಕ್ಕೆ ನಿಂತಿತ್ತು.

ಅದು ನಮ್ಮಕ್ಕನ ಎಣಿಕೆ. ಇಳಕಲ್ಲಿನಲ್ಲಿ ಮಗ್ಗಕ್ಕೆ ಕೂತ ನನ್ನ ಬೆನ್ನ ಹಿಂದೆ ಜ್ವರದಲ್ಲಿ ಮಲಗಿ ಅಕ್ಕ ಸೆರಗಿನ ಪಟ್ಟಿ ಎಣಿಸಿ ಹೇಳುತ್ತಿದ್ದಳು, ನಾನು ಲಾಳಿ ಎಸೆಯುತ್ತಿದ್ದೆ. ಆ ಎಣಿಕೆ ಅವಳೇ ಕಟ್ಟಿದ್ದು. ಏಳನೆಯ ಸಲ 'ನಾಲ್ಕು' ಎಂದವಳು ಮುಂದೆ ಹೇಳಲಿಲ್ಲ. ತಿರುಗಿ ನೋಡುವ ಧೈರ್ಯವಾಗದೆ, ಒಂದರ ಜಾಗದಲ್ಲಿ ಐದು ಪಟ್ಟಿ ನೇಯ್ದೆ. ಆಮೇಲೆ ಕತ್ತರಿ ಹಿಡಿದು ಮಗ್ಗದಿಂದ ಬಟ್ಟೆ ಕತ್ತರಿಸಿದೆ. ಆ ಬಟ್ಟೆ ಅವಳ ಜೊತೆಗೇ ಮಣ್ಣಿಗೆ ಹೋಯಿತು. ಕಂಡವರು ಯಾರೂ ಉಳಿದಿಲ್ಲ.

"ಈ ಬೆಳಕು ಯಾವಾಗಿಂದವ್ವಾ?" ಎಂದು ಕೇಳಿದೆ.

"ಅಲ್ಲಿಂದ ಹೊರಟು ಅರವತ್ತೊಂದು ವರ್ಷ ಆಯ್ತು."

ಅಕ್ಕ ಹೋಗಿಯೂ ಅರವತ್ತೊಂದು.

ನಾಲ್ಕು ಗಂಟೆಗೆ ತಾರಿಣಿ ಮುಂದೇನು ಬರುತ್ತದೆಂದು ಎಲ್ಲರೆದುರು ಹೇಳಬೇಕಿತ್ತು. ಹೇಳಿದ್ದು ಬಂದರೆ ಅವಳ ಕೆಲಸ ಇನ್ನೆರಡು ವರ್ಷ. ಬಾರದಿದ್ದರೆ ಈ ಬೇಸಿಗೆಗೇ ಮುಗಿಯಿತು.

"ಒಂದು ಅಂತ ಹೇಳಬ್ಯಾಡ. ಐದು ಬರ್ತದ. ಆಮ್ಯಾಲೆ ಏನೂ ಬರೂದಿಲ್ಲ."

ಅವಳು ನಕ್ಕಳು. "ಯಾಕೆ ಅಂತ ಕೇಳಿದ್ರೆ? ನಮ್ಮಜ್ಜಿ ಹೇಳಿದ್ರು ಅಂತ ಸ್ಲೈಡ್ ಹಾಕ್ಲಾ?"

ವೇದಿಕೆ ಹತ್ತಿ ಒಂದು ಎಂದೇ ಹೇಳಿದಳು.

ಮರುದಿನ ಬೆಳಿಗ್ಗೆ, ಅಂದರೆ ಜಪಾನಿನಲ್ಲಿ ರಾತ್ರಿ, ಅವರ ದುರ್ಬೀನಿನ ಗೆರೆ ನಮ್ಮೆದುರಿನ ಪರದೆಯ ಮೇಲೆ ಓಡುತ್ತಿತ್ತು. ಕುಳಿ ಬಿತ್ತು. ಚಪ್ಪಾಳೆ. ಚಿಲಿಯ ಹೆಂಗಸು ತಾರಿಣಿಯನ್ನು ತಬ್ಬಿಕೊಂಡಳು. ತಬ್ಬಿಕೊಂಡಿದ್ದಂತೆಯೇ ಎರಡನೆಯದು ಬಿತ್ತು. ಮೂರು. ಚಪ್ಪಾಳೆ ನಿಂತಿತು. ನಾಲ್ಕು. ತಾರಿಣಿ ಬಂದು ನನ್ನ ಪಕ್ಕ ಕುಳಿತು ಸೆರಗು ಹಿಡಿದುಕೊಂಡಳು. ಐದು.

"ಈಗ ಏನಾಗತ್ತೆ ಅಜ್ಜಿ?"

ಕತ್ತರಿಯ ಹಿಡಿ ಬೆರಳಿಗೆ ತಾಗಿದಂತಾಯಿತು. ಗೆರೆ ತಳಕ್ಕೆ ಇಳಿಯಿತು, ಮತ್ತೆ ಏಳಲಿಲ್ಲ. ಮೋಡವೇನೋ ಎಂದು ಕೋಣೆಯಲ್ಲಿದ್ದ ಜಪಾನಿನವರು ತಮ್ಮ ದುರ್ಬೀನಿನವರಿಗೆ ಫೋನು ಮಾಡಿ ಕೇಳಿದರು. ಆಕಾಶ ಸ್ವಚ್ಛವಿತ್ತಂತೆ; ಅಕ್ಕಪಕ್ಕದ ನಕ್ಷತ್ರಗಳೆಲ್ಲ ಇದ್ದವಂತೆ.

ಯಾರೋ ತಾರಿಣಿಯ ಕೈಗೆ ಮೈಕು ಕೊಟ್ಟರು. ಅವಳು ಎದ್ದು ನಿಂತು, ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನಗೆ ತಿಳಿದದ್ದು ಒಂದೇ ಮಾತು, ಅಜ್ಜಿ. ಅಷ್ಟೂ ಮುಖ ನನ್ನ ಕಡೆ ತಿರುಗಿದವು.

ಆಗ ನನ್ನ ಹಿಂದಿನ ಖಾಲಿ ಸಾಲಿನಿಂದ, ನಮ್ಮ ಊರಿನ ದನಿಯಲ್ಲಿ, ಯಾರೋ ಮೆಲ್ಲಗೆ "ಒಂದು" ಎಂದರು.

ತಿರುಗಿ ನೋಡುವ ಧೈರ್ಯ ನನಗೆ ಈಗಲೂ ಬರಲಿಲ್ಲ.