ಸೀಡಿ ಇನ್ನೂ ತಿರುಗುತ್ತಿದೆ

—ಮುಗಿದಿಲ್ಲ, ತೊಡೆಯ ಮೇಲಿನ ಚೀಲದಲ್ಲಿ, ಪ್ಲೇಯರಿನೊಳಗೆ ಸೀಡಿ ಇನ್ನೂ ತಿರುಗುತ್ತಿದೆ, ಅದರ ಸಣ್ಣ ನಡುಕ, ಕಿವಿಯಲ್ಲಿ ಮಾತ್ರ ಏನೂ ಇಲ್ಲ, ಎಸ್-ಬಾನ್ ರೈಲು ಮೈನ್ ನದಿ ದಾಟುವಾಗ ಎದುರಿನ ಮುದುಕಿ ನನ್ನ ಹೆಡ್‌ಫೋನ್ ನೋಡುತ್ತಾಳೆ, ಹಾಡು ಕೇಳುತ್ತಿದ್ದಾನೆ ಅಂದುಕೊಂಡಿರಬೇಕು, ನಾನು ಕೇಳುತ್ತಿರುವುದು ಕೊನೆಯ ಹಾಡಿನ ನಂತರ ಈ ಜಪಾನಿ ಬ್ಯಾಂಡಿನವರು ಬೇಕೆಂದೇ ಬಿಟ್ಟ ಖಾಲಿ ಜಾಗವನ್ನು, ಬಹಳ ಹೊತ್ತು ಖಾಲಿ, ಹೊದಿಕೆಯ ಮೇಲೆ ಹೆಸರಿಲ್ಲದ ಇನ್ನೊಂದು ಹಾಡು ಅದರಾಚೆ ಇದೆ, ಕಾದವರಿಗೆ ಮಾತ್ರ— ರೂಮ್‌ಮೇಟ್ ಚಂದನ್ ಕಾಯುವುದಿಲ್ಲ, ಮುಗೀತಲ್ಲ ಗುರು, ಸುಮ್ನೆ ಯಾಕ್ ತಿರುಗಿಸ್ತೀಯ ಅಂತ ಬಂದು ಗುಂಡಿ ಒತ್ತಿಬಿಡುತ್ತಾನೆ, ಹೊದಿಕೆಯ ಮೇಲೆ ಬ್ಯಾಂಡಿನವರ ಚಿತ್ರ ನೋಡಿದ ದಿನ ನಕ್ಕು ನಕ್ಕು ಸುಸ್ತಾಗಿದ್ದ, ಇದು ಗಂಡಾ ಹೆಣ್ಣಾ ಮಗಾ, ಮದುವೆ ಗೊತ್ತಾಗಿರೋನು ಇಂಥವ್ರನ್ನ ದಿಂಬಿನ ಹತ್ರ ಇಟ್ಕೊಂಡ್ ಮಲಗ್ತಾನಾ. ಗಂಡಸರೇ, ಸುಣ್ಣದಂತೆ ಬಿಳಿ ಬಳಿದ ಮುಖ, ಕಪ್ಪು ತುಟಿ, ಹುಂಜದ ಜುಟ್ಟಿನಂತೆ ಎದ್ದ ಕೂದಲು, ಡ್ಯುಸೆಲ್‌ಡಾರ್ಫಿನ ಜಪಾನಿ ಅಂಗಡಿಯಲ್ಲಿ ನಾನೂ ನಗುತ್ತಲೇ ಕೈಗೆತ್ತಿಕೊಂಡದ್ದು, ಆಮೇಲೆ ಆ ದನಿ, ಗಿಟಾರುಗಳ ಗದ್ದಲದಲ್ಲಿ ಚೀರಿ ಚೀರಿ ಫಕ್ಕನೆ ಜೋಗುಳದಷ್ಟು ತಗ್ಗುವ ದನಿ, ಒಂದು ಪದವೂ ತಿಳಿಯುವುದಿಲ್ಲ, ತಿಳಿಯದ್ದರಿಂದಲೇ ಉತ್ತರ ಕೊಡಬೇಕಾಗಿಲ್ಲ, ಬರಿಮುಖದಲ್ಲಿ ಹೇಳಲಾಗದ್ದನ್ನು ಹೇಳಲೆಂದೇ ಇವರು ಬಣ್ಣ ಹಚ್ಚಿಕೊಳ್ಳುತ್ತಾರೇನೋ— ಭೂಮಿಕಾಗೆ ಹಚ್ಚಿದವರು ಬೇರೆಯವರು, ಧಾರವಾಡದಲ್ಲಿ ನಮ್ಮ ನಿಶ್ಚಯದ ದಿನ, ಗುರುತೇ ಸಿಗದಷ್ಟು ಪೌಡರು, ಜರ್ಮನಿಯವ್ರು ಕಂಪ್ಯೂಟರ್ ಮಂದಿಗೆ ಕೊಡೂ ಗ್ರೀನ್ ಕಾರ್ಡಿನ ಅಳಿಯಾ ನೋಡ್ರಿ ಅಂತ ಅವರಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, ಸ್ವಲ್ಪ ನಗ್ರೀ ಅಕ್ಕಾರ ಅಂದ ಫೋಟೋದವನು, ಅವಳು ನನ್ನತ್ತ ತಿರುಗಿ ಏನೋ ಹೇಳಹೊರಟಳು, ಫ್ಲ್ಯಾಶ್ ಹೊಳೆಯಿತು, ಆ ಫೋಟೋ ಪರ್ಸಿನಲ್ಲಿದೆ, ಈಗಷ್ಟೇ ಬಿಟ್ಟ ತುಟಿಗಳು, ಮೊದಲಕ್ಷರ ಮಾತ್ರ ಹೊರಟಿದೆ, ಬ ಇರಬೇಕು, ಕನ್ನಡಿಯ ಮುಂದೆ ನಾನೇ ಉಚ್ಚರಿಸಿ ನೋಡಿದ್ದೇನೆ, ಬರ್ತೀನಿ, ನಿಮ್ಮ ಜೋಡಿ ಬರ್ತೀನಿ, ಅದೇ ಅಂತ ನಂಬಿದ್ದೆ, ಕಳೆದ ರವಿವಾರದವರೆಗೂ. ನಿಮಗೊಂದ್ ಮಾತ್ ಹೇಳೂದಿತ್ರಿ ಅಂದಳು ಫೋನಿನಲ್ಲಿ, ಹೇಳು, ಏನಿಲ್ರಿ, ನಾನು ರೂಢಿಯಂತೆ ಇಡ್ಲೇನು ಅಂದೆ, ಇಡ್ರಿ ಅಂದಳು, ಫೋನ್ ಹಿಡಿದ ನಮ್ಮವರಿಗೆಲ್ಲ ಅದೇ ಅಭ್ಯಾಸ, ಮಾತು ನಿಂತರೆ ಇಡ್ಲೇನು, ನಾಳೆ ಲಗ್ನಪತ್ರಿಕಿ ಅಚ್ಚಿಗೆ ಕೊಡ್ತೀವೋ ಯಪ್ಪಾ ಅಂದಿದ್ದಾಳೆ ಅವ್ವ, ನಾಳೆ, ಇವತ್ತು ಕೇಳದಿದ್ದರೆ—

ಸ್ಟೇಷನ್ ಎದುರಿನ ಕಾಲ್ ಶಾಪು, ಊರಿಗೆ ಫೋನ್ ಮಾಡುವ ಗಾಜಿನ ಗೂಡು, ರಿಸೀವರಿನಲ್ಲಿ ಯಾರದೋ ಸಿಗರೇಟಿನ ವಾಸನೆ, ಹಲೋ, ಭೂಮಿಕಾ, ನಾನು, ಹೇಳ್ರಿ, ಊಟಾತಾ, ಆತ್ರಿ, ಅವತ್ತ ಏನೋ ಹೇಳೂದಿತ್ತಂದಿ, ಏನಿಲ್ರಿ, ಮತ್ತೆ ಖಾಲಿ, ಹೊರಗೆ ಕಾಯುವವನು ಗಾಜು ತಟ್ಟುತ್ತಾನೆ, ಇಡ್ಲೇ ಅಂತ ನಾಲಿಗೆ ಎದ್ದೇಬಿಟ್ಟಿತು, ಕಚ್ಚಿಕೊಂಡೆ, ಆ ಕಡೆ ಕುಕ್ಕರಿನ ಸೀಟಿ, ಯಾವುದೋ ಬಾಗಿಲು ಮುಚ್ಚಿದ ಸದ್ದು, ಉಸಿರು, ಅದೀರೇನ್ರಿ, ಅದೀನಿ, ಇಡೂದಿಲ್ಲ ನಾ, ನೀ ಹೇಳು— ಯಾಕೆ ಹಾಗಂದೆ, ಇಟ್ಟುಬಿಟ್ಟಿದ್ದರೆ ಅಚ್ಚು, ಅಕ್ಷತೆ, ವೀಸಾ, ಎಲ್ಲ ತಮ್ಮಷ್ಟಕ್ಕೆ ಆಗಿಬಿಡುತ್ತಿದ್ದವು— ನಿಮ್ದೇನೂ ತಪ್ಪಿಲ್ರಿ, ನನಗ ಈ ಲಗ್ನ ಬ್ಯಾಡ್ರಿ, ನಿಶ್ಚಯದ ದಿನ ಫೋಟೋ ತೆಗಿಯೂವಾಗೂ ಅದನ್ನ ಹೇಳಾಕ ಹೊಂಟಿದ್ದೆ, ಅಪ್ಪಾಗ ನೀವ ಹೇಳ್ರಿ, ನಾ ಹೇಳಿದ್ರ ಕೇಳಂಗಿಲ್ಲ, ಹ್ಞೂಂ, ಹೇಳ್ತೀನಿ, ನನ್ನ ದನಿಯೇ ಅದು, ಬ್ಯಾಡ, ಅದಕ್ಕೂ ಬ, ಬರ್ತೀನಿಗೆ ಇದ್ದದ್ದೇ, ತುಟಿ ಕೂಡಬೇಕು, ಬಿಡಬೇಕು, ಅಷ್ಟು ಪೌಡರಿನ ನಡುವೆ, ಈಗಷ್ಟೇ ಬಿಟ್ಟ ತುಟಿಗಳು, ಈಗಷ್ಟೇ ಬಿಟ್ಟ