ಸ್ಲಿಂಗಿಗೆ ಹೊದಿಸಿದ ಶಲ್ಯ

"ಲೇ ಲೇ ಲೇ, ತೆಗಿಯೋ ಕೈನ! ಪೂಜೆ ಆಗಿರೋದ್ನ ಮುಟ್ತೀಯಲ್ಲೋ ಬೋಳಿಮಗನೇ!"

ಪೀರಪ್ಪ ಕೈ ತೆಗೆಯಲಿಲ್ಲ. ಎರಡೂವರೆ ಟನ್ನಿನ ಜನರೇಟರಿನ ಮೂಲೆಗೆ ಗೋಣಿಚೀಲ ಮಡಿಸಿ ಇಡುತ್ತಿದ್ದ. ಕಬ್ಬಿಣದ ಅಂಚು ಹಗ್ಗವನ್ನು ಕೊಯ್ಯದಿರಲೆಂದು ಇಡುವ ಗೋಣಿ. ಅದನ್ನು ಇಟ್ಟು ಮುಗಿಸಿಯೇ ತಲೆ ಎತ್ತಿದ.

"ಮುಟ್ದೆ ಕಟ್ಟೋದ್ ಹೆಂಗೆ ಸಾರ್? ಐನೋರು ಮಂತ್ರ ಹಾಕಿ ಮೇಲಕ್ ಕಳಿಸ್ತಾರೆ ಅಂದ್ರೆ ಹೇಳ್ಬಿಡಿ, ನಾನು ಹೋಗಿ ಟೀ ಕುಡ್ಕೊಂಡ್ ಬರ್ತೀನಿ."

ಕ್ರೇನಿನೊಳಗೆ ಕೂತಿದ್ದ ಅಬ್ದುಲ್ ಬೀಡಿ ಹೊಗೆ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ. ಶಿವಾಜಿನಗರದ ಈ ಆಪರೇಟರನಿಗೆ ಓನರ್ ಎದುರಿಗೆ ನಗು ಬಂದಾಗಲೆಲ್ಲ ಕೆಮ್ಮೂ ಬರುತ್ತಿತ್ತು.

ಬೈದವನೇ ಆ ಓನರ್, ಪ್ರೇಮ್‌ಕುಮಾರ್. ಕ್ರೇನು ಅವನದು, ಹಗ್ಗ ಸರಪಳಿ ಅವನವು, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಹಳೇ ಬಂಗಲೆ ಕೆಡವಿ ಎಬ್ಬಿಸಿದ ಈ ಗಾಜಿನ ಕಟ್ಟಡವೂ ಅವನದೇ. ಅವನಪ್ಪ ಮುನಿಆಂಜನಪ್ಪ ಕೆ.ಆರ್. ಪುರದ ಹತ್ತಿರ ರಾಗಿ ಬೆಳೆಯುತ್ತಿದ್ದವನು. ಮೊದಲ ಉಳುಮೆಯ ದಿನ ನೇಗಿಲಿಗೆ ಶಲ್ಯ ಹೊದಿಸಿ ಕೈಮುಗಿಯುತ್ತಿದ್ದನಂತೆ. ಹೊಲ ಮಾರಿ ಕ್ರೇನು ಕೊಂಡ ಮಗ ನೇಗಿಲು ಬಿಟ್ಟ, ಶಲ್ಯ ಬಿಡಲಿಲ್ಲ. ದೊಡ್ಡ ಕೆಲಸವಿದ್ದ ದಿನ ಕೊಕ್ಕೆಗೆ ತೂಗುಹಾಕಿದ ಸ್ಲಿಂಗಿಗೆ, ಅಂದರೆ ಭಾರ ಹೊರುವ ಉಕ್ಕಿನ ಹಗ್ಗಕ್ಕೆ, ಅರಿಶಿನ ಕುಂಕುಮ ಬಳಿಸಿ ತನ್ನ ಹೆಗಲ ಜರಿಶಲ್ಯವನ್ನೇ ತೆಗೆದು ಹೊದಿಸುತ್ತಿದ್ದ. ಅದನ್ನು ಕಟ್ಟುವ ಖಲಾಸಿಗಳಿಗೆ ಕಾಂಪೌಂಡಿನ ಹೊರಗೆ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಕೊಡಿಸುತ್ತಿದ್ದ.

"ಬೇಗ ಆಗ್ಲಪ್ಪ. ಬುಧವಾರ, ಹನ್ನೆರಡಕ್ಕೆ ರಾಹುಕಾಲ" ಎಂದರು ಪುರೋಹಿತ ಶ್ರೀಕಂಠಯ್ಯನವರು, ಪೀರಪ್ಪನ ನೆರಳು ಪಂಚೆಗೆ ತಾಗದ ಹಾಗೆ ಸರಿದು ನಿಂತು.

ಪೀರಪ್ಪ ಸ್ಲಿಂಗಿನ ಹತ್ತಿರ ಹೋದ. ಗಂಧದಕಡ್ಡಿಯ ಘಮದ ನಡುವೆ ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಶಲ್ಯ ಸರಿಸಿ ನೋಡಿದ. ಕುಣಿಕೆಯ ಸಂದಿಯಲ್ಲಿ ಚೂರು ಕೆಂಪು ಉಳಿದಿತ್ತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಕುಂಕುಮವಾಗಿದ್ದರೆ ಕೈಗೆ ಹತ್ತಬೇಕಿತ್ತು, ಇದು ಪೇಂಟು.

ಹೋದ ತಿಂಗಳು, ಕ್ರೇನು ಹಗ್ಗಗಳನ್ನೆಲ್ಲ ಇಡುವ ಯಾರ್ಡಿನಲ್ಲಿ, ಎಳೆ ಮುರಿದು ಈ ಹಗ್ಗ ಸತ್ತಿದೆ ಎಂದು ಗುರುತಿಗೆ ಕೆಂಪು ಬಳಿದವನು ಅವನೇ. ಸತ್ತ ಹಗ್ಗವನ್ನು ಅಲ್ಲೇ ಉಳಿ ಇಟ್ಟು ತುಂಡರಿಸುವುದು ಖಲಾಸಿಗಳ ಪದ್ಧತಿ. ಇಡಿಯಾಗಿ ಬಿಟ್ಟರೆ ಯಾವನಾದರೂ ಮತ್ತೆ ಕೊಕ್ಕೆಗೆ ಹಾಕುತ್ತಾನೆ. ಆದರೆ ಅವತ್ತು ಪ್ರೇಮ್‌ಕುಮಾರ್ "ಇರ್ಲಿ ಬಿಡೋ, ಗೇಟ್ ಕಟ್ಟಕ್ಕಾಗುತ್ತೆ" ಎಂದಿದ್ದ. ಇವನು ತಲೆ ಆಡಿಸಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡಿದ್ದ. ಥೂ ನಿನ್ನ ಜನ್ಮಕ್ಕಿಷ್ಟು ಎಂದು ಈಗ ತನ್ನನ್ನೇ ಬೈದುಕೊಂಡ.

ಕಟ್ಟಡಕ್ಕೂ ಕಾಂಪೌಂಡಿಗೂ ನಡುವಿನ ನಾಲ್ಕಡಿ ಸಂದಿಯಲ್ಲಿ ಮುನಿರಾಜಪ್ಪ ನಿಂತಿದ್ದ, ಪೀರಪ್ಪನ ತಮ್ಮನ ಮಗ, ಇಬ್ಬರು ಮಕ್ಕಳ ತಂದೆ. ಜನರೇಟರ್ ಮೊದಲ ಮಹಡಿಗೆ ಏರುವಾಗ ತೂಗಾಡಿ ಗಾಜಿಗೆ ತಗುಲದಂತೆ ಕೆಳಗಿನಿಂದ ಹಗ್ಗ ಹಿಡಿದು ಎಳೆಯುವವನು ಅವನು. ಮೇಲಿನಿಂದ ಭಾರ ಬಿದ್ದರೆ ಅಲ್ಲಿಂದ ಓಡಲು ಜಾಗವಿಲ್ಲ. ಅವನಪ್ಪ ಹೋದದ್ದೂ ಹೀಗೆಯೇ, ಇಂಥದೇ ಒಂದು ಹಗ್ಗ ಹರಿದು.

"ಸಾರ್, ಇದು ಸತ್ತಿರೋ ಸ್ಲಿಂಗು. ಯಾರೋ ಸೀಮೆಣ್ಣೇಲಿ ಉಜ್ಜವ್ರೆ. ಯಾರ್ಡಿಂದ ಹೊಸದು ತರ್ಸಿ."

"ಪೂಜೆ ಮಾಡಿರೋದಕ್ಕೆ ಸತ್ತಿದೆ ಅಂತೀಯಾ? ಬಾಯ್ ತೊಳ್ಕೊಳೋ. ತರೋ ಹೊತ್ಗೆ ರಾಹುಕಾಲ ಬರುತ್ತೆ."

"ರಾಹುಕಾಲ ಒಂದೂವರೆಗೆ ಹೋಗುತ್ತೆ ಸಾರ್. ಹೋದ್ ಪ್ರಾಣ ಬರಲ್ಲ."

"ನಂಗೇ ಹೇಳ್ಕೊಡ್ತೀಯೇನೋ? ಮರ್ಫಿ ಟೌನ್ ಮೋರೀಲಿ ಹುಟ್ಟಿದ ನನ್ ಮಗನೇ! ನಿನ್ ತಮ್ಮಾನೂ ಹಿಂಗೇ ಬಾಯ್ ಬಡ್ಕೊಳ್ತಿದ್ದ. ಆಮೇಲ್ ಕುಡ್ದು ಹೋಗಿ ಲೋಡ್ ಕೆಳಗ್ ಬಿದ್ದ."

ಸಂದಿಯಲ್ಲಿದ್ದ ಮುನಿರಾಜಪ್ಪನ ತಲೆ ಇತ್ತ ತಿರುಗಿತು. ಅವನಪ್ಪ ಮಜ್ಜಿಗೆ ಬಿಟ್ಟು ಬೇರೇನೂ ಕುಡಿದವನಲ್ಲ, ಮಾರಿಹಬ್ಬದ ದಿನವೂ. ಪೀರಪ್ಪನಿಗೆ ಅಳಬೇಕೆನ್ನಿಸಿತು, ಹೊಡೆಯಬೇಕೆನ್ನಿಸಿತು. ಎರಡನ್ನೂ ಮಾಡದೆ ಶಲ್ಯಕ್ಕೆ ಕೈ ಹಾಕಿದ.

"ಲೇ, ಏನೋ ಅದು?"

"ಹಗ್ಗ ನೋಡಕ್ಕೆ ಬಟ್ಟೆ ಬೇಕು ಸಾರ್. ಬರೀ ಕೈಲಿ ಸವರಿದ್ರೆ ಅಂಗೈ ಕೊಯ್ಯುತ್ತೆ. ಎಳೆ ಮುರಿದಿರೋ ಜಾಗದಲ್ಲಿ ಬಟ್ಟೆ ಕಚ್ಕೊಳ್ಳುತ್ತೆ. ಹಳೇ ಬನೀನು ಸಾಕಿತ್ತು, ನೀವು ಒಳ್ಳೇದೇ ಹಾಕಿದ್ದೀರ."

ಜರಿಶಲ್ಯವನ್ನು ಹಗ್ಗಕ್ಕೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಎಳೆದ. ಗೇಣು ಜಾರಿತು, ಕಚ್ಚಿತು. ಬಿಡಿಸಿ ಮತ್ತೆ ಎಳೆದ. ಪರ್ರ್ ಎಂದು ಹರಿಯಿತು. ಕೆಳಗೆ ಬರುವಷ್ಟರಲ್ಲಿ ಅವನ ಕೈಯಲ್ಲಿ ಉಳಿದದ್ದು ಅಂಚು ಮಾತ್ರ. ಉಳಿದ ರೇಷ್ಮೆಯೆಲ್ಲ ಹಗ್ಗದ ಉದ್ದಕ್ಕೂ ಮುರಿದ ತಂತಿಗಳಿಗೆ ಸಿಕ್ಕಿ ನೇತಾಡುತ್ತಿತ್ತು.

"ನನ್ ಶಲ್ಯ! ಅಯ್ಯೋ, ತಿರುಪತೀಲಿ ತಂದಿದ್ದು ಕಣೋ!"

ಶ್ರೀಕಂಠಯ್ಯನವರು ಮಾತ್ರ ಶಲ್ಯ ನೋಡಲಿಲ್ಲ. ಹಗ್ಗ ನೋಡಿದರು, ಜನರೇಟರ್ ನೋಡಿದರು, ಮಂಗಳಾರತಿ ತಟ್ಟೆ ಎತ್ತಿಕೊಂಡು ಹತ್ತು ಹೆಜ್ಜೆ ಹಿಂದಕ್ಕೆ ಸರಿದರು.

"ನೋಡಿ ಸಾರ್, ಐನೋರಿಗೆ ಅರ್ಥ ಆಯ್ತು" ಎಂದ ಪೀರಪ್ಪ.

"ಅಬ್ದುಲ್! ಇವ್ನ್ ಬಿಡು, ನೀನೇ ಕಟ್ಕೊಂಡು ಜನರೇಟರ್ ಎತ್ತೋ!" ಪ್ರೇಮ್‌ಕುಮಾರ್ ಕಾಗೆ ಓಡಿಸುವವನಂತೆ ಎರಡೂ ಕೈ ಬೀಸಿದ.

ಕ್ರೇನಿನವನು ಸನ್ನೆ ಕೊಡುವ ಒಬ್ಬನ ಕೈಯನ್ನು ಮಾತ್ರ ನೋಡಬೇಕು, ಹತ್ತು ಜನ ಕೂಗಿದರೂ. ಅಬ್ದುಲ್ ಪೀರಪ್ಪನ ಕೈ ನೋಡಿದ. ಮುಷ್ಟಿ ಬಿಗಿದಿತ್ತು.

"ನಿಲ್ಲು ಅಂತ ಐತೆ ಸಾಬ್. ಪೀರಣ್ಣನ್ ಮುಷ್ಟಿ ಬಿಚ್ಲಿ, ಎತ್ತೋಣ."

ಪೀರಪ್ಪ ಮುಷ್ಟಿ ಬಿಚ್ಚಿದ. ಅಂಗೈ ನೆಲದ ಕಡೆ ಮಾಡಿ ಆಡಿಸಿದ. ಕೊಕ್ಕೆ ಇಳಿಯಿತು. ಅಬ್ದುಲ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ.

ಪೀರಪ್ಪ ಸ್ಲಿಂಗು ಕಳಚಿ ಅಲ್ಲೇ ಬಿದ್ದಿದ್ದ ರೈಲ್ವೆ ಕಂಬಿಯ ತುಂಡಿನ ಮೇಲೆ ಮಲಗಿಸಿದ. ಚೀಲದಿಂದ ಉಳಿ ತೆಗೆದಿಟ್ಟ. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಇದೇ ಯಾರ್ಡಿನ ಕೂಲಿಯಿಂದ.

"ಅದ್ಕೆ ಒಂದೇಟ್ ಬಿತ್ತು ಅಂದ್ರೆ ಬೆಂಗ್ಳೂರಲ್ಲಿ ನಿಮ್ಗೆ ಯಾವನೂ ಕೆಲ್ಸ ಕೊಡಲ್ಲ ಕಣ್ರೋ, ನೆನಪಿರ್ಲಿ!"

ಮುನಿರಾಜಪ್ಪ ಸಂದಿಯಿಂದ ಹೊರಗೆ ಬಂದ. ಸುತ್ತಿಗೆ ಅವನ ಕೈಯಲ್ಲಿತ್ತು. "ಉಳಿ ಗಟ್ಟಿಯಾಗ್ ಹಿಡ್ಕೋ ದೊಡ್ಡಪ್ಪ" ಎಂದ.

ನಾಲ್ಕು ಏಟಿಗೆ ಸ್ಲಿಂಗು ಎರಡಾಯಿತು. ನೂರಡಿ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹಾರ ಹಾಕಿಕೊಂಡ ಜನರೇಟರ್ ನೆಲದ ಮೇಲೆಯೇ ಕೂತಿತ್ತು. ಪ್ರೇಮ್‌ಕುಮಾರನ ಬಾಯಿಂದ ಖಲಾಸಿಗಳ ತಾಯಂದಿರೆಲ್ಲ ಒಬ್ಬೊಬ್ಬರಾಗಿ ಹೊರಬೀಳುತ್ತಿದ್ದರು.

ಪೀರಪ್ಪ ಉಳಿಯನ್ನು ಅರ್ಧ ಹಗ್ಗದ ನಡುವಿಗೆ ಸರಿಸಿದ.

"ಇನ್ನೂ ಯಾಕೋ?"

"ಗಂಟ್ ಹಾಕಿ ತಿರ್ಗಾ ಪೂಜೆ ಮಾಡ್ಬಿಡ್ತೀರ ಸಾರ್. ಸ್ವಲ್ಪ ಕಾಲ್ ತೆಗೀರಿ, ಏಟ್ ಬೀಳುತ್ತೆ."

ಮುನಿರಾಜಪ್ಪ ಸುತ್ತಿಗೆ ಎತ್ತಿದ.