ಒಳಗಿನಿಂದ ತಳ್ಳಿದರೆ

ನಮ್ಮ ವಿನ್ಯಾಸ ಕೋಣೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಫ್ರಿಜ್ಜಿನ ಯಾವ ಭಾಗ ಯಾರದೋ ಅದೇ ಅವರ ಹೆಸರು. ಒಬ್ಬ ಕಂಪ್ರೆಸರ್, ಒಬ್ಬ ಐಸು, ಒಬ್ಬಳು ತರಕಾರಿ ಡಬ್ಬ. ನಾನು ಬಾಗಿಲು. "ಬಾಗಿಲು ಇನ್ನೂ ಬಂದಿಲ್ವಾ?" ಎಂದು ಮುಖ್ಯಸ್ಥರು ಕೇಳಿದರೆ "ಬಾಗಿಲು ಬಸ್ಸಲ್ಲಿದೆ ಸರ್" ಎಂದು ಐಸು ಉತ್ತರಿಸುತ್ತಾನೆ. ಮೊದಮೊದಲು ಎಲ್ಲರೂ ನಗುತ್ತಿದ್ದೆವು.

ಒಂದು ಕಾಲಕ್ಕೆ ಮನೆಮನೆಯಲ್ಲೂ ನಮ್ಮ ಕಂಪನಿಯದೇ ಫ್ರಿಜ್ಜು. ಈಗ ಅಂಗಡಿಗಳಲ್ಲಿ ಅದನ್ನು ಹಿಂದಿನ ಸಾಲಿಗೆ ನೂಕಿದ್ದಾರೆ. ಪ್ರತಿ ವರ್ಷ ಹೊಸ ಮಾದರಿ ಬಿಡುತ್ತೇವೆ, ಇಲ್ಲವೆಂದಲ್ಲ. ಒಂದು ವರ್ಷ ಬಣ್ಣ ಬದಲಾಯಿತು. ಇನ್ನೊಂದು ವರ್ಷ ಒಳಗಿನ ದೀಪ ನೀಲಿಯಾಯಿತು. ಹೋದ ವರ್ಷ, ಪ್ಲಗ್ ಹಾಕಿದೊಡನೆ ನುಡಿಯುವ ಸ್ವಾಗತ ಸಂಗೀತ ಸೇರಿಕೊಂಡಿತು. ತಂಗಳನ್ನು ಕಾಪಾಡುವ ಪೆಟ್ಟಿಗೆ ಮಾಡುತ್ತ ಮಾಡುತ್ತ ಇವರೇ ತಂಗಳಾದರು ಎಂದು ಒಂದು ಪತ್ರಿಕೆ ಬರೆಯಿತು. ಮುಖ್ಯಸ್ಥರು ಅದನ್ನು ನಮಗೆಲ್ಲ ಜೋರಾಗಿ ಓದಿ ಹೇಳಿ ನಕ್ಕರು. ಆಮೇಲೆ ಊಟಕ್ಕೆ ಏಳಲಿಲ್ಲ.

ಸೋಮವಾರ ಮಾಲೀಕರ ಮಗಳು ಬರುವವರಿದ್ದರು. ಹೊಸದೇನಾದರೂ ಕಂಡರೆ ಸರಿ. ಕಾಣದಿದ್ದರೆ ವಿನ್ಯಾಸ ಕೋಣೆಗೆ ಬೀಗ. ಯಾರೋ ಎಲ್ಲೋ ಮಾಡಿದ ಫ್ರಿಜ್ಜು ತರಿಸಿ, ನಮ್ಮ ಹೆಸರು ಅಂಟಿಸಿ ಮಾರುವುದು. ತೋರಿಸಲು ನಮ್ಮಲ್ಲಿ ಇದ್ದದ್ದು ನನ್ನ ಬಾಗಿಲೊಂದೇ.

ಅದಕ್ಕೆ ಹಿಡಿಯಿಲ್ಲ. ಗೋಡೆಯಂತೆ ನುಣ್ಣಗಿದೆ. ಅಂಗೈ ತೋರಿಸಿದರೆ ತೆರೆದುಕೊಳ್ಳುತ್ತದೆ. ಮುಚ್ಚಿದ ಮೇಲೆ ಪುಟ್ಟ ಮೋಟಾರು ಒಳಗಿನ ಕೊಕ್ಕೆಗಳನ್ನು ಹೊರಳಿಸಿ ಬಾಗಿಲನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ತಂಪು ಎಳೆಯಷ್ಟೂ ಸೋರುವುದಿಲ್ಲ, ಕರೆಂಟು ಉಳಿಯುತ್ತದೆ. ಇದು ಹೊಳೆದ ದಿನ ಸ್ನಾನದ ಕೋಣೆಯಲ್ಲಿ ಒಬ್ಬಳೇ ನಕ್ಕಿದ್ದೆ. ಅದಾದ ಮೇಲೆ ನನಗೆ ಬೇರೇನೂ ಹೊಳೆದಿಲ್ಲ. ಹೊಳೆದಿಲ್ಲವೆಂಬುದನ್ನು ಯಾರಿಗೂ ಹೇಳಿರಲಿಲ್ಲ.

ಹೊಸ ಮಾದರಿಯ ಮೊದಲ ಯಂತ್ರವನ್ನು, ಅದನ್ನು ರೂಪಿಸಿದವರ ಮನೆಯಲ್ಲೇ ಕೆಲವು ದಿನ ಇಟ್ಟು ಬಳಸಬೇಕೆಂಬುದು ನಮ್ಮಲ್ಲಿನ ಪದ್ಧತಿ. ಅದಕ್ಕೆ ನಾವು ಬಾಣಂತನ ಎನ್ನುತ್ತೇವೆ. ಫ್ರಿಜ್ಜು ನಮ್ಮ ಅಡುಗೆಮನೆಗೆ ಬಂದ ದಿನ ಅತ್ತೆ ಅದರ ಮುಂದೆ ಅಂಗೈ ಹಿಡಿದು ನಿಂತು, "ಆಯಸ್ಸು ಎಷ್ಟಿದೆಯಂತೆ, ಹೇಳುತ್ತಾ?" ಎಂದು ಕೇಳಿದ್ದರು.

ಭಾನುವಾರ ಮಧ್ಯಾಹ್ನ ಅದನ್ನು ಒಯ್ಯಲು ವ್ಯಾನ್ ಬರಬೇಕಿತ್ತು. ಬೆಳಿಗ್ಗೆಯೇ ಪ್ಲಗ್ ಕಿತ್ತು, ಒಳಗಿನ ತಟ್ಟೆ ಡಬ್ಬಗಳನ್ನೆಲ್ಲ ತೆಗೆದು ಒರೆಸಿ, ಒಣಗಲೆಂದು ಬಾಗಿಲನ್ನು ಅರೆ ತೆರೆದಿಟ್ಟೆ. ಮಗಳು ಅಪ್ಪನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ಅವಳನ್ನು ನಾವು ಮೆಣಸು ಎನ್ನುತ್ತೇವೆ. ಗಾತ್ರವೂ ಅಷ್ಟೇ, ಗುಣವೂ ಅದೇ.

ನಾನು ತಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಹೊರಗೆ ಬಂದಾಗ ಗಂಡ ಮಂಚದ ಕೆಳಗೆ ಇಣುಕುತ್ತಿದ್ದರು.

"ಸಿಗ್ತಾ ಇಲ್ಲ ಕಣೆ. ಈ ಸಲ ಭಾರಿ ಜಾಗ ಹುಡುಕಿದ್ದಾಳೆ."

ಕಪಾಟು, ಪರದೆ, ಬಟ್ಟೆಯ ರಾಶಿ ಎಲ್ಲ ನೋಡಿಯಾಗಿತ್ತು. ಅಡುಗೆಮನೆಗೆ ಬಂದೆ. ನಾನು ತೆರೆದಿಟ್ಟ ಬಾಗಿಲು ಮುಚ್ಚಿತ್ತು.

ಮೊದಲಿಗೆ ಏನೂ ಅನ್ನಿಸಲಿಲ್ಲ. ಎಷ್ಟು ಚೆನ್ನಾಗಿ ಕೂತಿದೆ, ಸಂದು ಕೂಡ ಕಾಣುವುದಿಲ್ಲ ಎಂದುಕೊಂಡೆ. ಆಮೇಲೆ, ತಟ್ಟೆಗಳಿಲ್ಲದ ಒಳಗೆ ಒಂದು ಮಗು ಕೂರುವಷ್ಟು ಜಾಗವಿದೆ ಎಂಬುದು ನೆನಪಾಯಿತು. ಅಂಗೈ ತೋರಿಸಿದೆ. ಏನೂ ಆಗಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ತೋರಿಸಿದೆ. ಕರೆಂಟು ಇಲ್ಲದಾಗ ಬಾಗಿಲನ್ನು ನಡೆಸುವ ಪುಟ್ಟ ಬ್ಯಾಟರಿಯಲ್ಲಿ ಉಳಿದಿದ್ದ ಶಕ್ತಿ ಕೊಕ್ಕೆ ಬಿಗಿಯಲು ಸಾಲಿತ್ತು, ಬಿಚ್ಚಲು ಸಾಲದು. ಉಗುರಿನಿಂದ ಅಂಚು ಹುಡುಕಿದೆ. ಅಂಚು ಸಿಗದಂತೆ ಅದನ್ನು ರೂಪಿಸಿದ್ದವಳು ನಾನೇ.

"ಮೆಣಸು," ಎಂದು ಕೂಗಿದೆ. ಬಾಗಿಲಿಗೆ ಕಿವಿಯಿಟ್ಟೆ. ಕೇಳಿಸಿದ್ದು ನನ್ನ ರಕ್ತದ ಸದ್ದು.

"ಪ್ಲಗ್ ಹಾಕಿ ರೀ," ಎಂದೆ. ದನಿ ಯಾರದೋ ಅನ್ನುವ ಹಾಗಿತ್ತು. ಗಂಡ ಏನೂ ಕೇಳದೆ ಗೋಡೆಯ ಸಂದಿಗೆ ಕೈ ತೂರಿಸಿ, ವೈರು ಎಳೆದು ಪ್ಲಗ್ ಹಾಕಿದರು.

ಸ್ವಾಗತ ಸಂಗೀತ ಶುರುವಾಯಿತು. ಅದು ಮುಗಿಯುವ ತನಕ ಯಂತ್ರ ಬೇರಾವ ಮಾತನ್ನೂ ಕೇಳುವುದಿಲ್ಲ. ವೀಣೆ, ಗಂಟೆ, ಹಕ್ಕಿಗಳ ಉಲಿ. ಆ ಹಕ್ಕಿಗಳನ್ನು ಸೇರಿಸಲು ಕೋಣೆಯಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬಳು. ಗಂಡ ಬಾಗಿಲಿಗೆ ಮುಷ್ಟಿಯಿಂದ ಗುದ್ದುತ್ತಿದ್ದರು, ಹಕ್ಕಿಗಳು ಹಾಡುತ್ತಲೇ ಇದ್ದವು. ಕೊನೆಗೆ ಕೊಕ್ಕೆ ಹೊರಳಿದ ಸದ್ದಾಯಿತು.

ಒಳಗೆ ನೀಲಿ ದೀಪ ಉರಿಯುತ್ತಿತ್ತು. ಯಾರೂ ಇರಲಿಲ್ಲ.

"ಅದನ್ನ ನಾನೇ ಮುಚ್ಚಿದ್ದು ಕಣೆ. ಓಡಾಡೋಕೆ ಅಡ್ಡ ಆಗ್ತಿತ್ತು," ಎಂದರು ಸದ್ದು ಕೇಳಿ ಬಂದ ಅತ್ತೆ. 

ಮೆಣಸು ಮೆಟ್ಟಿಲ ಬಳಿ ಇಟ್ಟಿದ್ದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ ತಾನಾಗಿಯೇ ಎದ್ದು ಬಂದಳು. "ಅಷ್ಟು ಕೂಗಿದ್ರೂ ನಾನು ಮಾತಾಡ್ಲಿಲ್ಲ. ನಾನೇ ಗೆದ್ದಿದ್ದು," ಎಂದಳು. ಅವಳ ಅಪ್ಪ ಅವಳನ್ನು ಎತ್ತಿಕೊಂಡು ಬಾಲ್ಕನಿಗೆ ಹೋದವರು ತುಂಬ ಹೊತ್ತು ಬರಲಿಲ್ಲ.

ಮುಖ್ಯಸ್ಥರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ಮಗು ಅದರೊಳಗೆ ಇರಲಿಲ್ಲ ತಾನೆ?" ಎಂದರು.

"ಇರಲಿಲ್ಲ ಸರ್."

"ಮತ್ತೆ? ನೋಡಮ್ಮ ಬಾಗಿಲು, ಇದ್ದಿದ್ರೂ ಒಳಗಿಂದ ತಳ್ಳಿದ್ರೆ ತೆರೆಯುತ್ತೆ. ಫ್ರಿಜ್ ಬಾಗಿಲು ಅಂದ್ರೆ ಅಷ್ಟೇ ಅಲ್ವಾ."

"ಅದು ಮ್ಯಾಗ್ನೆಟ್ ಬಾಗಿಲು ಸರ್. ಇದು ಕೊಕ್ಕೆ. ತುಂಬ ಹಿಂದೆ ನಮ್ಮಲ್ಲೂ ಕೊಕ್ಕೆ ಇತ್ತಲ್ಲ, ಯಾಕೆ ತೆಗೆದ್ರು?"

"ಮ್ಯಾಗ್ನೆಟ್ ಅಗ್ಗ ಅಂತ ಇರಬೇಕು."

ನಾನೂ ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ. ಹಳಬರು ನಿವೃತ್ತರಾಗಿ ಹೋಗುವಾಗ ಅವರ ನಕ್ಷೆಗಳನ್ನೆಲ್ಲ ಇಸಿದುಕೊಂಡಿದ್ದೆವು. ಯಾವುದನ್ನು ಏಕೆ ಹಾಗೆ ಮಾಡಿದಿರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಮಕ್ಕಳು ಒಳಗೆ ಸಿಕ್ಕಿಕೊಳ್ಳುತ್ತಾರೆಂದು ಅವರು ಹೆದರಿ ಕಿತ್ತೆಸೆದಿದ್ದನ್ನು ನಾನು ಮೋಟಾರು ಹಾಕಿ ವಾಪಸು ತಂದಿದ್ದೆ.

ಮುಖ್ಯಸ್ಥರು ಸ್ವಲ್ಪ ಯೋಚಿಸಿ, "ಒಳಗಡೆ ಒಂದು ಗುಂಡಿ ಇಡೋಣ. ಒತ್ತಿದ್ರೆ ತೆರೆಯೋ ಹಾಗೆ. ಈಗ ತೋರಿಸಿಬಿಡೋಣ, ಗುಂಡಿ ಆಮೇಲೆ," ಎಂದರು. ಆ ಮಾತಿಗೆ ನನ್ನ ಎದೆ ಎಷ್ಟು ಹಗುರವಾಯಿತೆಂದರೆ ನಾಚಿಕೆಯಾಯಿತು. ಬಾಗಿಲು ಉಳಿಯಿತು, ಕೋಣೆ ಉಳಿಯಿತು.

ಆದರೂ ನೋಡಿಬಿಡೋಣ ಎನ್ನಿಸಿತು. ಗುಂಡಿ ಬರಬೇಕಾದ ಜಾಗಕ್ಕೆ ಒಂದು ತುಂಡು ಟೇಪು ಅಂಟಿಸಿದೆ. ಗಂಡನನ್ನು ಕರೆದು, "ನಾನು ಒಳಗೆ ಕೂತ್ಕೋತೀನಿ. ನೀವು ಮುಚ್ಚಿ, ನಿಧಾನಕ್ಕೆ ಒಂದು ಲೋಟ ನೀರು ಕುಡಿದು, ತೆಗೀರಿ," ಎಂದೆ.

"ನಿನಗೆ ತಲೆ ಕೆಟ್ಟಿದೆ."

"ಕತ್ತಲಲ್ಲಿ ನನ್ನ ಕೈ ಆ ಟೇಪ್ ಮುಟ್ಟಿದ್ರೆ ಸಾಕು, ಗುಂಡಿ ಪರೀಕ್ಷೆ ಮುಗೀತು. ಅಷ್ಟೇ."

ಮೊಣಕಾಲನ್ನು ಗದ್ದಕ್ಕೆ ಒತ್ತಿ ಕೂತೆ. ಅವರು ಒಮ್ಮೆ ನನ್ನ ತಲೆ ಮುಟ್ಟಿ, ಬಾಗಿಲು ತಳ್ಳಿದರು. ಮೋಟಾರು ಎಳೆದುಕೊಂಡಿತು. ಕಿವಿಯನ್ನು ಯಾರೋ ಅಂಗೈಯಿಂದ ಒತ್ತಿದ ಹಾಗಾಯಿತು. ಮುಚ್ಚಿದರೆ ದೀಪ ಆರುತ್ತದೆ, ಅದು ಗೊತ್ತಿದ್ದ ವಿಷಯ. ಇಷ್ಟು ಕತ್ತಲಿರುತ್ತದೆಂದು ಗೊತ್ತಿರಲಿಲ್ಲ. ಗಂಡ ಹೊರಗೆ ನಿಂತಿದ್ದಾರೆ ಎಂದುಕೊಂಡೆ. ನಿಂತಿದ್ದಾರೆಯೇ? ಫೋನ್ ಬಂದಿದ್ದರೆ? ಕರೆಂಟು ಹೋದರೆ? ತಳ್ಳಿದೆ. ಬೆನ್ನು ಕೊಟ್ಟು ತಳ್ಳಿದೆ. ನನ್ನ ಉಸಿರು ನನ್ನ ಮುಖಕ್ಕೇ ಬಡಿಯುತ್ತಿತ್ತು. ಯಾರೋ ಕಿರುಚುತ್ತಿದ್ದರು, ಹತ್ತಿರದಲ್ಲೇ.

ಬೆಳಕು ಬಿತ್ತು. ಗಂಡನ ಕೈಯಲ್ಲಿ ಇನ್ನೂ ಅರ್ಧ ಲೋಟ ನೀರಿತ್ತು.

"ಕೂಗಿದ್ದು ಕೇಳಿಸ್ತಾ?" ಎಂದೆ.

"ಕೂಗಿದ್ಯಾ?"

ಟೇಪು ಇದ್ದ ಜಾಗದಲ್ಲೇ ಇತ್ತು, ಮಡಿಕೆ ಕೂಡ ಬಿದ್ದಿರಲಿಲ್ಲ. ಅದನ್ನು ಅಂಟಿಸಿದವಳು ನಾನು. ಆ ಕತ್ತಲಲ್ಲಿ ಅಂಥದ್ದೊಂದು ಇದೆ ಎಂಬುದೇ ನನಗೆ ನೆನಪಾಗಿರಲಿಲ್ಲ. ಕೈಗಳಿಗೆ ಗೊತ್ತಿದ್ದದ್ದು ತಳ್ಳುವುದೊಂದೇ. ಮಗುವಿನ ಕೈ ತಳ್ಳಿದರೂ ತೆರೆಯಬೇಕಾದರೆ ಕೊಕ್ಕೆ ಇರಬಾರದು. ಕೊಕ್ಕೆ ಇಲ್ಲದಿದ್ದರೆ ಅದು ಎಲ್ಲರ ಮನೆಯ ಫ್ರಿಜ್ಜಿನ ಬಾಗಿಲೇ, ಹೊಸದಲ್ಲ.

ನೆಲದ ಮೇಲೆ ಕೂತೇ ಮತ್ತೆ ಫೋನ್ ಮಾಡಿದೆ.

"ಗುಂಡಿಯಿಂದ ಆಗಲ್ಲ ಸರ್. ಇದನ್ನ ತೋರಿಸಬೇಡಿ. ನಾನು ಕಳಿಸ್ತಾ ಇಲ್ಲ."

"ನಿನಗೆ ಹೆದರಿಕೆ ಆಗಿದೆ. ರಾತ್ರಿ ಮಲಗೆದ್ದರೆ ಸರಿಹೋಗುತ್ತೆ."

"ನಾಳೆ ನೀವೇ ಒಂದು ಸಲ ಒಳಗೆ ಕೂತು ನೋಡಿ ಸರ್. ನಾನು ಹೊರಗೆ ನಿಂತಿರ್ತೀನಿ."

ಅವರು ನಗಲಿಲ್ಲ. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಸರಿ," ಎಂದರು ಕೊನೆಗೆ. "ಬಾಗಿಲು ಬಿಟ್ಟುಬಿಡೋಣ. ನಿನ್ನ ಹತ್ತಿರ ಬೇರೆ ಏನಿದೆ?"

ಈ ಪ್ರಶ್ನೆಗೆ ನಾನು ಎಷ್ಟು ಕಾಲದಿಂದ ಹೆದರುತ್ತಿದ್ದೆನೋ. ಯಾವುದಾದರೂ ಒಂದು ಬಣ್ಣ, ಒಂದು ದೀಪ ಹೇಳಿಬಿಡಬಹುದಿತ್ತು.

"ಏನೂ ಇಲ್ಲ ಸರ್," ಎಂದೆ.

ಗಂಡ ವ್ಯಾನಿನವರನ್ನು ಖಾಲಿ ಕಳಿಸಲು ಮೆಟ್ಟಿಲಿಳಿದು ಹೋದರು. ಆ ಕಡೆ ಮುಖ್ಯಸ್ಥರ ಉಸಿರು ಕೇಳುತ್ತಿತ್ತು. ಅವರೂ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.